ಟೀಮ್ ಸ್ಪರ್ಧೆಗೆ ಮೊದಲು ಏನು ಕಲಿಸಬೇಕು?

ಪ್ರೋಗ್ರಾಮಿಂಗ್ ಸ್ಪರ್ಧೆಗೆ ತಂಡ ಕಟ್ಟಲು ಹೊರಟವರೆಲ್ಲ ನನ್ನನ್ನು ಕೇಳುವುದು ಇದನ್ನೇ: “ಮಕ್ಕಳಿಗೆ ಮೊದಲು ಯಾವ ಅಲ್ಗಾರಿದಮ್ ಹೇಳಿಕೊಡೋಣ? ಗ್ರಾಫಾ, ಡೈನಾಮಿಕ್ ಪ್ರೋಗ್ರಾಮಿಂಗಾ?”

ಇವೆರಡೂ ಅಲ್ಗಾರಿದಮ್‌ನ, ಅಂದರೆ ಲೆಕ್ಕ ಬಿಡಿಸುವ ವಿಧಾನದ, ಬಗೆಗಳು. ಎರಡೂ ಬೇಕು. ಆದರೆ ಅವನ್ನು ಒಬ್ಬೊಬ್ಬರೇ ಕೂತು ಕಲಿಯಬಹುದು. ಮೂವರೂ ಜೊತೆಗೇ ಕೂತು ಕಲಿಯಬೇಕಾದದ್ದು ಒಂದಿದೆ, ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವುದು. ನಾನು ಅಲ್ಲಿಂದಲೇ ಶುರು ಮಾಡಿಸುತ್ತೇನೆ.

ಕಾಲೇಜು ತಂಡಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆಯಾದ ಐಸಿಪಿಸಿಯ ನಿಯಮವನ್ನೇ ನೋಡಿ. ತಂಡದಲ್ಲಿ 3 ಜನ, ಕಂಪ್ಯೂಟರ್ 1, ಸಮಯ 5 ಗಂಟೆ. ಒಬ್ಬರು ಟೈಪ್ ಮಾಡುವಾಗ ಉಳಿದಿಬ್ಬರ ಕೈ ಖಾಲಿ. ಆ ಇಬ್ಬರು ಏನು ಮಾಡುತ್ತಿರುತ್ತಾರೆ ಅನ್ನುವುದೇ ಮುಖ್ಯ. ಹೊಸ ತಂಡಗಳಲ್ಲಿ ಮೂವರೂ ಸ್ಕ್ರೀನಿಗೇ ಅಂಟಿಕೊಂಡಿರುತ್ತಾರೆ. ಕೀಬೋರ್ಡ್ ಹಿಡಿದವರು ಅಲ್ಲೇ ಯೋಚನೆ ಮಾಡುತ್ತಾ ಕೂರುತ್ತಾರೆ. ಅರ್ಧ ಗಂಟೆ ಸುಮ್ನೆ ಹೋಗುತ್ತದೆ.

ಅದಕ್ಕೇ ನನ್ನದೊಂದು ಕಟ್ಟುನಿಟ್ಟು. ಪೇಪರಿನ ಮೇಲೆ ಬರೆದು, ಜೊತೆಯವರೊಬ್ಬರಿಗೆ ಬಿಡಿಸಿ ಹೇಳುವವರೆಗೆ ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಹೇಳುವಾಗಲೇ ಎಷ್ಟೋ ತಪ್ಪು ಸಿಕ್ಕಿಬೀಳುತ್ತವೆ. “ಎನ್, ಅಂದರೆ ಇನ್‌ಪುಟ್‌ನ ಗಾತ್ರ, 2 ಲಕ್ಷ ಇದೆಯಲ್ಲ, ಲೂಪಿನೊಳಗೆ ಲೂಪ್ ಹಾಕಿದರೆ 4,000 ಕೋಟಿ ಸಲ ಓಡಬೇಕು, ಟೈಮ್ ಸಾಲುತ್ತಾ?” ಅಂತ ಕೇಳುವವರು ಪಕ್ಕದಲ್ಲಿದ್ದರೆ ಸಾಕು.

ಉತ್ತರ ತಪ್ಪು ಅಂತ ಬಂತೋ, ಪ್ರಿಂಟ್ ತಗೊಂಡು ಎದ್ದುಬಿಡಬೇಕು. ಸೀಟು ಇನ್ನೊಬ್ಬರಿಗೆ. ತಪ್ಪು ಹುಡುಕುವುದು ಪೇಪರಿನ ಮೇಲೆ, ಅದೂ ಕೋಡ್ ಬರೆಯದವರ ಜೊತೆ. 1 ಲಕ್ಷವನ್ನು 1 ಲಕ್ಷದಿಂದ ಗುಣಿಸಿ 32 ಬಿಟ್ ಇಂಟ್‌ಗೆ (ಪೂರ್ಣಾಂಕ ಇಡುವ ಜಾಗಕ್ಕೆ) ಹಾಕಿರುತ್ತಾರೆ. ಅದರಲ್ಲಿ ಹಿಡಿಸುವುದೇ ಸುಮಾರು 214 ಕೋಟಿ, ಬರುವುದು 1,000 ಕೋಟಿ. ಬರೆದವರ ಕಣ್ಣಿಗೆ ಆ ಸಾಲು ಹತ್ತು ಸಲ ಓದಿದರೂ ಸರಿಯಾಗೇ ಕಾಣುತ್ತದೆ. ಬೇರೆಯವರು ಓದಿದರೆ ಬೇಗ ಸಿಗುತ್ತದೆ.

ಯಾವುದನ್ನು ಮೊದಲು ಬಿಡಿಸಬೇಕು ಅನ್ನುವುದನ್ನೂ ಲೆಕ್ಕ ಹಾಕಿಯೇ ತೋರಿಸಿ. ಹೆಚ್ಚು ಪ್ರಶ್ನೆ ಬಿಡಿಸಿದವರು ಮೇಲೆ. ಸಮ ಆದರೆ, ಪ್ರತಿ ಪ್ರಶ್ನೆ ಶುರುವಿನಿಂದ ಎಷ್ಟನೇ ನಿಮಿಷಕ್ಕೆ ಮುಗಿಯಿತು ಅನ್ನುವುದನ್ನು ಕೂಡಿಸುತ್ತಾರೆ; ಒಟ್ಟು ಕಡಿಮೆ ಇದ್ದವರು ಮೇಲೆ. 10, 20, 30 ನಿಮಿಷ ಹಿಡಿಯುವ ಮೂರು ಪ್ರಶ್ನೆ ಇವೆ ಅನ್ನಿ. ಸುಲಭದ್ದರಿಂದ ಹೋದರೆ 10, 30, 60, ಒಟ್ಟು 100. ಕಷ್ಟದ್ದರಿಂದ ಹೋದರೆ 30, 50, 60; ಒಟ್ಟು 140. ಅದೇ ಮೂರು ಪ್ರಶ್ನೆ, ಅದೇ ಒಂದು ಗಂಟೆ! ಬಿಡಿಸಿದ ಪ್ರಶ್ನೆಗೆ ಮುಂಚೆ ಕಳಿಸಿದ ಒಂದೊಂದು ತಪ್ಪು ಉತ್ತರಕ್ಕೂ 20 ನಿಮಿಷ ದಂಡ ಬೇರೆ. ಬಿಡಿಸದೇ ಉಳಿದದ್ದಕ್ಕೆ ದಂಡವಿಲ್ಲ. ಹಾಗಾಗಿ ಕೊನೇ ಹತ್ತು ನಿಮಿಷದಲ್ಲಿ ಹೆದರದೆ ಕಳಿಸಲಿ, ಮೊದಲ ಗಂಟೆಯಲ್ಲಿ ಕಳಿಸುವ ಮುಂಚೆ ಇನ್ನೊಮ್ಮೆ ನೋಡಲಿ.

ಅಭ್ಯಾಸ ಪೂರ್ತಿ 5 ಗಂಟೆಯದೇ ಆಗಬೇಕು. ಎರಡೆರಡು ಗಂಟೆ ಮಾಡಿದರೆ ನಾಲ್ಕನೇ ಗಂಟೆಯ ಸುಸ್ತು, ಸಿಡುಕು ಗೊತ್ತಾಗುವುದೇ ಇಲ್ಲ. ತಂಡಗಳು ಜಗಳ ಆಡುವುದು ಆವಾಗಲೇ. ನೀವು ಹಿಂದೆ ಕೂತು, ಬಾಯಿ ಬಿಡದೆ, ಯಾವ ನಿಮಿಷದಲ್ಲಿ ಕೀಬೋರ್ಡ್ ಯಾರ ಕೈಯಲ್ಲಿತ್ತು, ಯಾವ ಪ್ರಶ್ನೆಗೆ ಅಂತ ಬರೆದುಕೊಳ್ಳಿ. ಮುಗಿದ ಮೇಲೆ ಆ ಹಾಳೆಯನ್ನು ಅವರ ಮುಂದಿಡಿ. ಬೈಯುವುದು ಬೇಡ. ಒಂದೇ ಪ್ರಶ್ನೆಗೆ ಒಂದೂವರೆ ಗಂಟೆ ಹೋಗಿದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಮಾರನೇ ದಿನ, ಬಿಡಿಸಲಾಗದೆ ಉಳಿದವುಗಳಲ್ಲಿ ಒಂದೆರಡನ್ನಾದರೂ ಮುಗಿಸಲಿ. ಯಾವ ಅಲ್ಗಾರಿದಮ್ ಗೊತ್ತಿಲ್ಲದೆ ನಿಂತರೋ, ಆ ವಾರ ಅದನ್ನೇ ಹೇಳಿಕೊಡಿ. ಕಲಿತದ್ದನ್ನು ತಂಡದ ನೋಟ್‌ಬುಕ್‌ಗೆ ಸೇರಿಸಲಿ. ಐಸಿಪಿಸಿ ವರ್ಲ್ಡ್ ಫೈನಲ್ಸ್‌ನಲ್ಲೂ 25 ಪುಟಗಳ ನೋಟ್ಸ್ ಒಯ್ಯಲು ಬಿಡುತ್ತಾರೆ. ಎಲ್ಲಿಂದಲೋ ಕಾಪಿ ಮಾಡಿ ತುಂಬಿಸುವುದು ಬೇಡ. ಬರೆದವರು ಒಬ್ಬರು, ಟೈಪ್ ಮಾಡಿ ಓಡಿಸಿ ನೋಡುವವರು ಇನ್ನೊಬ್ಬರು ಆಗಲಿ.