ರೆಸ್ಯೂಮೆಯಲ್ಲಿ ಏನಿರಬೇಕು, ಏನು ಬೇಡ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುವ ನಮ್ಮ ಕಡೆಯ ಹುಡುಗ ಹುಡುಗಿಯರ ರೆಸ್ಯೂಮೆಗಳನ್ನು ತಿದ್ದಿಕೊಡುವಾಗ ನಾನು ಮೊದಲು ತೆಗೆದುಹಾಕುವುದು ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ ಮತ್ತು ‘ಮೇಲ್ಕಂಡ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆಯನ್ನು. ಸರ್ಕಾರಿ ಅರ್ಜಿಗೆ ಅವು ಬೇಕಾಗಬಹುದು. ಖಾಸಗಿ ಕಂಪನಿಗೆ ಕಳುಹಿಸುವ ಒಂದೇ ಪುಟದಲ್ಲಿ ಸುಮ್ಮನೆ ಜಾಗ ತಿನ್ನುತ್ತವೆ.

ಆ ಜಾಗದಲ್ಲಿ ಮಾಡಿದ ಕೆಲಸ ಬರಬೇಕು. ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ಲೆಕ್ಕಪತ್ರದ ಜ್ಞಾನವಿದೆ’ ಎಂದಷ್ಟೇ ಬರೆದಿದ್ದಳು. ವಿಚಾರಿಸಿದಾಗ, ಅಡಿಕೆ ಮಂಡಿಯೊಂದರಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಬಿಲ್ಲುಗಳನ್ನು ನಮೂದಿಸಿ, ಬೆಳೆಗಾರರ ಮುಂಗಡ ಮತ್ತು ಬಾಕಿಯನ್ನು ದಿನವೂ ತಾಳೆ ನೋಡುತ್ತಿದ್ದಳೆಂದು ತಿಳಿಯಿತು. ಅದನ್ನೇ, ದಿನಕ್ಕೆ ಸುಮಾರು ಎಷ್ಟು ಬಿಲ್ಲು ಎಂಬ ಅಂಕಿಯೊಂದಿಗೆ, ಪುಟದ ಮೇಲ್ಭಾಗದಲ್ಲಿ ಬರೆಸಿದೆ. ‘ಕಠಿಣ ಪರಿಶ್ರಮಿ’ ಎಂಬ ಸ್ವಪ್ರಶಂಸೆಯನ್ನು ಯಾರೂ ನಂಬುವುದಿಲ್ಲ, ನಾನಂತೂ ನಂಬುವುದಿಲ್ಲ.

ದೊಡ್ಡ ಕಂಪನಿಗಳಲ್ಲಿ ಅನೇಕ ಕಡೆ ಅರ್ಜಿಯನ್ನು ಮೊದಲು ಸಾಫ್ಟ್‌ವೇರ್ ಜಾಲಾಡುವುದರಿಂದ, ಅಲಂಕಾರದ ಕೋಷ್ಟಕಗಳನ್ನು ಬಿಟ್ಟು, ಜಾಹೀರಾತಿನಲ್ಲಿ ಕೇಳಿರುವ ಕೌಶಲಗಳಲ್ಲಿ ನಿಜವಾಗಿ ಬಲ್ಲವುಗಳನ್ನು ಅವರದೇ ಪದಗಳಲ್ಲಿ ಬರೆಯುವುದು ಒಳ್ಳೆಯದು. ಮಳೆಗಾಲದಲ್ಲಿ ಸಿಗ್ನಲ್ ಹೋಗುವ ಊರಿನವರು ಮೊಬೈಲ್ ಸಂಖ್ಯೆಯ ಜೊತೆಗೆ ಪೇಟೆಯಲ್ಲಿರುವ ಬಂಧುವಿನ ಸಂಖ್ಯೆಯನ್ನೂ, ಅವರನ್ನು ಕೇಳಿ, ಕೊಡಬಹುದು.