ಕುದುರೆಗೂ ಹಳೇ ಪುಸ್ತಕಕ್ಕೂ ಏನು ಸಂಬಂಧ?

ಊರಿನವರು ಕೇಳುವುದು ಹೀಗೆ: "ಅಲ್ಲಕ್ಕ, ಕುದುರೆ ಸಾಕ್ತೀರ, ಸರಿ. ಆ ಗುಜರಿ ಬುಕ್ಕು ಯಾಕಕ್ಕ ಹೊತ್ಕೊಂಡು ಬರ್ತೀರ?" ಮೈಸೂರಿನ ಗೆಳತಿಯರು ಇದನ್ನೇ ತಿರುಗಿಸಿ, ಪುಸ್ತಕ ಸರಿ, ಕುದುರೆ ಯಾಕೆ ಅನ್ನುತ್ತಾರೆ. ಕುದುರೆ ಗಾಡಿಯಲ್ಲಿ ಪುಸ್ತಕ ತರುತ್ತೇನೆ ಅಂತ ಅಂದುಕೊಂಡವರೂ ಇದ್ದಾರೆ. ಇಲ್ಲಪ್ಪಾ, ಗೂಡ್ಸ್ ಆಟೋದಲ್ಲಿ ತರುತ್ತೇನೆ.

ಉತ್ತರ ಸಣ್ಣದು. ನನ್ನ ಹತ್ತಿರ ಜಾಗ ಇದೆ. ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಾವನ ಕಾಲದ ದೊಡ್ಡ ಕೊಟ್ಟಿಗೆ ಇದೆ. ಆಲೆಮನೆ ನಿಂತುಹೋದ ಮೇಲೆ ಅದರ ಪಕ್ಕದ ಹೆಂಚಿನ ಕೋಣೆ ಖಾಲಿ ಬಿದ್ದಿತ್ತು. ಟಾಂಗಾ ಎಳೆದು ವಯಸ್ಸಾದ ಕುದುರೆಯನ್ನು ಮೈಸೂರಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಮೇಷ್ಟ್ರೊಬ್ಬರು ತೀರಿಕೊಂಡು, ಮಕ್ಕಳು ಮನೆ ಮಾರುವಾಗ ಅವರ ನಾಲ್ಕು ಬೀರು ಪುಸ್ತಕವನ್ನು ಯಾರು ಇಟ್ಟುಕೊಳ್ಳುತ್ತಾರೆ? ಎರಡೂ ನನ್ನ ಕಡೆ ಬಂದವು, ಅಷ್ಟೆ.

ತರುವುದು ಒಂದು ಬೆಳಗಿನ ಕೆಲಸ. ಇಟ್ಟುಕೊಳ್ಳುವುದು ದಿನದ ಕೆಲಸ. ಇದನ್ನು ಯಾರೂ ಕೇಳುವುದಿಲ್ಲ.

ಹಸು ಸಾಕಿದವರಿಗೆ ಕುದುರೆ ಏನು ಮಹಾ ಅನ್ನಿಸುತ್ತದೆ. ಆದರೆ ಕುದುರೆ ಮೆಲುಕು ಹಾಕುವ ಪ್ರಾಣಿ ಅಲ್ಲ, ವಾಂತಿ ಮಾಡುವುದಕ್ಕೂ ಅದಕ್ಕೆ ಆಗುವುದಿಲ್ಲ. ಬೂಷ್ಟು ಹಿಡಿದ ಹುಲ್ಲು ಒಳಗೆ ಹೋದರೆ ವಾಪಸ್ ಬರುವ ದಾರಿಯೇ ಇಲ್ಲ, ಹೊಟ್ಟೆನೋವು ಶುರುವಾಗಿ ನೆಲದ ಮೇಲೆ ಹೊರಳಾಡುತ್ತದೆ, ಕೆಲವು ಸಲ ಜೀವವೇ ಹೋಗುತ್ತದೆ. ಅದಕ್ಕೇ ನಾನು ರಾಗಿ ಹುಲ್ಲನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿಯೇ ಹಾಕುವುದು. ಜೊತೆಗೆ ಕಬ್ಬಿನ ಹಸಿ ಸೋಗೆ, ಸ್ವಲ್ಪ ಬೇಯಿಸಿದ ಹುರುಳಿ, ದಿನಕ್ಕೆ ಮೂವತ್ತು ಲೀಟರ್ ಹತ್ತಿರ ನೀರು.

ಪುಸ್ತಕದ ಕೋಣೆಗೆ ಹೋದರೂ ನಾನು ಮೊದಲು ಮಾಡುವುದು ಮೂಸುವುದನ್ನೇ. ನಾಲೆಗೆ ನೀರು ಬಿಟ್ಟರೆ ನಮ್ಮ ಕಡೆ ನೆಲ ತೇವ ಹಿಡಿಯುತ್ತದೆ, ಗೋಡೆಗೆ ಒರಗಿಸಿದ ಪುಸ್ತಕಕ್ಕೆ ಮೊದಲು ಬೂಷ್ಟು, ಆಮೇಲೆ ಗೆದ್ದಲು. ಹಾಗಾಗಿ ಎಲ್ಲವೂ ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ ಇವೆ. ನೆನೆದ ಪುಸ್ತಕವನ್ನು ಜನ ಬಿಸಿಲಿಗೆ ಹಾಕುತ್ತಾರೆ, ಅದು ತಪ್ಪು, ಹಾಳೆ ಸುರುಟಿಕೊಂಡು ರಟ್ಟು ಸೊಟ್ಟಗಾಗುತ್ತದೆ. ನೆರಳಲ್ಲಿ ಬಿಡಿಸಿ ನಿಲ್ಲಿಸಿ, ಹಾಳೆಗಳ ನಡುವೆ ನ್ಯೂಸ್ ಪೇಪರ್ ಇಟ್ಟು ಬದಲಾಯಿಸುತ್ತಾ ಇರಿ, ಫ್ಯಾನ್ ಹಾಕಿ. ಹುಳ ಬರದ ಹಾಗೆ ಬೇವಿನ ಸೊಪ್ಪು, ಬಜೆ ಬೇರು ಇಡುತ್ತೇನೆ.

ಸಿಕ್ಕಿದ್ದೆಲ್ಲ ತರುತ್ತೀರಾ ಅಂತಲೂ ಕೇಳುತ್ತಾರೆ. ಇಲ್ಲ! ಸಿಲೆಬಸ್ ಬದಲಾದ ಸಿಇಟಿ ಗೈಡು ಗುಜರಿಗೇ ಹೋಗಲಿ, ಬೇಜಾರಿಲ್ಲ. ನಾನು ಮೊದಲು ಹುಡುಕುವುದು ಮನೆಯಲ್ಲಿ ಹೊಲಿದ ಧಾರಾವಾಹಿಗಳನ್ನು. ಸುಧಾ ಶುರುವಾದದ್ದು 1965ರಲ್ಲಿ. ವಾರಪತ್ರಿಕೆಗಳು ಜೋರಾಗಿದ್ದ ಆ ಕಾಲದಲ್ಲಿ ಎಷ್ಟೋ ಮನೆಯ ಹೆಂಗಸರು ವಾರ ವಾರ ಕಾದಂಬರಿಯ ಪುಟಗಳನ್ನು ಹುಷಾರಾಗಿ ಕಿತ್ತು, ಟ್ರಂಕಿನಲ್ಲಿಟ್ಟು, ಕಥೆ ಮುಗಿದ ಮೇಲೆ ಸೂಜಿ ದಾರದಲ್ಲಿ ಹೊಲಿದೋ ಬೈಂಡ್ ಮಾಡಿಸಿಯೋ ಜೋಪಾನ ಮಾಡಿದರು. ಅದೇ ಕಾದಂಬರಿ ಆಮೇಲೆ ಪುಸ್ತಕವಾಗಿ ಬಂದಿರಬಹುದು. ಆದರೆ ಆ ಚಿತ್ರಗಳು, ಹಾಳೆಯ ಹಿಂದೆ ಅರ್ಧಕ್ಕೆ ನಿಂತ ಅಡುಗೆ, ಸೀರೆಯ ಜಾಹೀರಾತು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಹಾಲಿನ ಲೆಕ್ಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದರ ಮೇಲೆ ಬೆಲೆ ಇಲ್ಲ, ಪ್ರಕಾಶಕರ ಹೆಸರಿಲ್ಲ, ಬೆನ್ನು ಕಿತ್ತಿರುತ್ತದೆ. ಮನೆ ಖಾಲಿ ಮಾಡುವವರು ಮೊದಲು ತಕ್ಕಡಿಗೆ ಹಾಕುವುದು ಅದನ್ನೇ. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ ಹಿಂದೆ ತಂದ ಪುಟ್ಟ ಪುಸ್ತಕಗಳ ಗತಿಯೂ ಇಷ್ಟೆ, ತೆಳ್ಳಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

"ಹರಳಹಳ್ಳಿ ಅಂಕೇಗೌಡರಿಗೆ ಕೊಟ್ಬಿಡಿ" ಅನ್ನುವವರಿಗೆ ಒಂದು ಮಾತು. ಪಾಂಡವಪುರದ ಹತ್ತಿರ ಅವರ ಪುಸ್ತಕ ಮನೆ ನೋಡಿ ಬನ್ನಿ. ಬಸ್ ಕಂಡಕ್ಟರ್ ಆಗಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಲಕ್ಷಗಟ್ಟಲೆ ಪುಸ್ತಕ ಕೂಡಿಸಿದ ಮನುಷ್ಯ ಅವರು. ಅಂಥ ಕಡೆಗೆ ಮೂಟೆ ಕಟ್ಟಿ ಕಳಿಸಿ ಕೈ ತೊಳೆದುಕೊಂಡರೆ ನಮ್ಮ ಮನೆ ಕ್ಲೀನ್ ಆಗುತ್ತದೆ, ವಿಂಗಡಿಸುವ ಕೆಲಸ ಅವರ ತಲೆಗೆ ಬೀಳುತ್ತದೆ, ಅಲ್ವಾ? ನಮ್ಮ ಗುಂಪಿನವರು ಭಾನುವಾರ ಕೂತು ಮಕ್ಕಳ ಪುಸ್ತಕ, ಕಥೆ, ಪರೀಕ್ಷೆಯದು ಅಂತ ಬೇರೆ ಮಾಡಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದವರು, ಅಂದರೆ ಊರಿನ ಲೈಬ್ರರಿಯವರು, ಏನು ಕೇಳುತ್ತಾರೋ ಅದನ್ನಷ್ಟೇ ಕೊಡುತ್ತೇವೆ. ಅವರು ಕೇಳುವುದು ಜಾಸ್ತಿ ಮಕ್ಕಳ ಕಥೆ ಪುಸ್ತಕ. ನಮಗೆ ಸಿಗುವುದು ಕಮ್ಮಿಯೂ ಅದೇ.

ಕೊಡುವವರಿಗೆ ಒಂದೇ ಕೋರಿಕೆ. ಪೇಂಟ್ ಹೊಡೆಸುವ ಮುಂಚೆ ಹೇಳಿ, ಪುಸ್ತಕ ಹಿತ್ತಲಿಗೆ ಹೋಗಿ ಒಂದು ಮಳೆ ತಿಂದ ಮೇಲೆ ಹೇಳಬೇಡಿ.

ಇನ್ನು ಕುದುರೆಗೆ ಬೇಕಾಗಿರುವುದು ಗೊರಸು ಕತ್ತರಿಸುವವರು. ಟಾರು ರಸ್ತೆ ತುಳಿಯುವುದಿಲ್ಲವಾದ್ದರಿಂದ ಲಾಳ ಬೇಡ, ಆದರೂ ಆರೆಂಟು ವಾರಕ್ಕೊಮ್ಮೆ ಗೊರಸು ಸರಿ ಮಾಡಿಸಲೇಬೇಕು. ನಮ್ಮೂರ ಕಡೆ ಇರುವವರು ಎತ್ತಿನ ಸೀಳು ಗೊರಸಿಗೆ ಎರಡೆರಡು ತುಂಡು ಲಾಳ ಕಟ್ಟಿ ಪಳಗಿದವರು, ಕುದುರೆ ಕಾಲು ಮುಟ್ಟಲು ಹೆದರುತ್ತಾರೆ. ಸದ್ಯಕ್ಕೆ ಮೈಸೂರಿನಿಂದ ಕರೆಸುತ್ತಿದ್ದೇನೆ. ಮಂಡ್ಯ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.