ಕ್ಲಾರಿನೆಟ್‌ನವರ ಪಾಡು

ಬೆಲ್ಜಿಯಂನ ಆಂಟ್ವರ್ಪಿನ ಸ್ಪೋರ್ಟ್‌ಪಾಲೈಸ್ ಮೊದಲು ಸೈಕಲ್ ರೇಸಿಗೆ ಅಂತ ಕಟ್ಟಿದ ಜಾಗ. 1933ರಲ್ಲಿ ಶುರುವಾಗಿದ್ದು. ಒಳಗೆ ಕಾಲಿಟ್ಟರೆ ಅದು ಗೊತ್ತಾಗಿಬಿಡುತ್ತದೆ. ಮೊಟ್ಟೆಯಾಕಾರದ ದೊಡ್ಡ ಕಟ್ಟಡ, ಸುತ್ತಲೂ ಮೇಲೇರುವ ಸೀಟುಗಳು. ಪಿಟೀಲು ಕೇಳುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಸಿಗಲಿಕ್ಕಿಲ್ಲ ಅನ್ನಿಸಿತು. ಆದರೆ 'ನೈಟ್ ಆಫ್ ದಿ ಪ್ರಾಮ್ಸ್' ಅನ್ನುವ ಸಂಗೀತೋತ್ಸವ ಹುಟ್ಟಿದ್ದು ಇಲ್ಲೇ, 1985ರಲ್ಲಿ. ಇಬ್ಬರು ವಿದ್ಯಾರ್ಥಿಗಳ ಹುಚ್ಚು ಅದು. ಲಂಡನ್ನಿನಲ್ಲಿ 1895ರಿಂದ ನಡೆಯುತ್ತಿದ್ದ ಪ್ರಾಮ್ಸ್ ಕಛೇರಿಗಳ ಹೆಸರು ತಗೊಂಡರು. ಒಂದೇ ವೇದಿಕೆಯಲ್ಲಿ ದೊಡ್ಡ ಆರ್ಕೆಸ್ಟ್ರಾ, ಕೋರಸ್ ಮತ್ತು ಪಾಪ್ ಹಾಡುಗಾರರನ್ನು ನಿಲ್ಲಿಸಿದರು. ಆಮೇಲೆ ಅದು ನೆದರ್ಲೆಂಡ್ಸ್, ಜರ್ಮನಿಗೂ ಹೋಯಿತು.

ನನ್ನನ್ನು ಕರೆದುಕೊಂಡು ಹೋದವರು ಆಫೀಸಿನ ಹಿರಿಯ ಸಹೋದ್ಯೋಗಿ. ಅವರು ತಮ್ಮೂರಿನ ಹವ್ಯಾಸಿ ವಾದ್ಯಮೇಳದಲ್ಲಿ ಕ್ಲಾರಿನೆಟ್ ನುಡಿಸುವವರು. ಬೆಲ್ಜಿಯಂನ ಈ ಭಾಗದಲ್ಲಿ ಸಣ್ಣ ಸಣ್ಣ ಊರಿಗೂ ಅಂಥದ್ದೊಂದು ಮೇಳ ಇರುತ್ತದೆ. ಪಕ್ಕದಲ್ಲಿ ಇಂಥವರು ಇಲ್ಲದಿದ್ದರೆ ನಾನು ಲೈಟು, ಹೊಗೆ ನೋಡಿಕೊಂಡು ಮನೆಗೆ ಬರುತ್ತಿದ್ದೆ.

ಮೊದಲು ಓಬೋ ಅನ್ನುವ ಊದುವ ವಾದ್ಯ ಒಂದೇ ಸ್ವರ ಹಿಡಿಯಿತು. ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸಿದರು. ಇದರಲ್ಲೂ ಒಂದು ತಕರಾರು ಇದೆಯಂತೆ. ಯುರೋಪಿನ ಬಹಳಷ್ಟು ಆರ್ಕೆಸ್ಟ್ರಾಗಳ ಶ್ರುತಿ 442 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಪಾಪ್ ಹಾಡಿಗೆ ಗಿಟಾರ್, ಡ್ರಮ್ಸ್ ನುಡಿಸುವ ಬ್ಯಾಂಡಿನವರದು ಸಾಮಾನ್ಯವಾಗಿ 440. ಯಾರಾದರೂ ಒಬ್ಬರು ಸೋಲಬೇಕು.

ಎರಡನೇ ಹಾಡು ಗಿಟಾರಿನಿಂದ ಶುರುವಾಯಿತು. ಸಹೋದ್ಯೋಗಿ ನನ್ನ ಕಡೆ ಬಾಗಿ, "ಪಾಪ, ಕ್ಲಾರಿನೆಟ್‌ನವರು" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ವಿರಾಮದಲ್ಲಿ ಬಿಡಿಸಿ ಹೇಳಿದರು. ಗಿಟಾರಿಗೆ ಇ ಮೇಜರ್ ಅನ್ನುವ ಸ್ವರಶ್ರೇಣಿ ಅಂದರೆ ಆರಾಮ, ತೆರೆದ ತಂತಿಗಳೇ ಅರ್ಧ ಕೆಲಸ ಮಾಡುತ್ತವೆ. ಆದರೆ ಬಿ ಫ್ಲ್ಯಾಟ್ ಕ್ಲಾರಿನೆಟ್ಟು ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳಿಸುತ್ತದೆ, ಹಾಗಾಗಿ ಅದಕ್ಕೆ ಅದೇ ಹಾಡನ್ನು ಎಫ್ ಶಾರ್ಪ್ ಮೇಜರಿನಲ್ಲಿ ಬರೆಯಬೇಕು. ಆರು ಶಾರ್ಪ್‌ಗಳು, ಅಂದರೆ ಅರ್ಧ ಸ್ವರ ಏರಿಸಿ ನುಡಿಸಬೇಕಾದ ಆರು ಸ್ವರಗಳು! ರಾಕ್ ಹಾಡುಗಾರ ಕಣ್ಣು ಮುಚ್ಚಿ ಹಾಯಾಗಿ ಹಾಡುತ್ತಿರುವಾಗ ಹಿಂದಿನ ಸಾಲಿನಲ್ಲಿ ಯಾರದೋ ಬೆರಳು ಬೆವರುತ್ತಿರುತ್ತದೆ. ಅಲ್ಲಿಂದ ಮುಂದೆ ನನ್ನ ಕಣ್ಣು ಹಾಡುಗಾರರ ಮೇಲೆ ನಿಲ್ಲಲೇ ಇಲ್ಲ.

ಡ್ರಮ್ಸ್ ಸುತ್ತ ಪಾರದರ್ಶಕ ಗೋಡೆ ಇತ್ತು. ಅಂದಕ್ಕೆ ಅಲ್ಲ ಅದು. ಪ್ರತಿ ಪಿಟೀಲಿಗೂ ಪುಟ್ಟ ಮೈಕ್ ಸಿಕ್ಕಿಸಿರುತ್ತಾರೆ. ಡ್ರಮ್ಸ್ ತಡೆಯದೇ ಬಿಟ್ಟರೆ ಆ ಮೈಕುಗಳಲ್ಲೆಲ್ಲ ಅದೇ ತುಂಬಿಕೊಳ್ಳುತ್ತದೆ. ತಾಳದ್ದು ಇನ್ನೊಂದು ಕಷ್ಟ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 17 ಮೀಟರ್ ದೂರ ಕೂತವರಿಗೆ ಡ್ರಮ್ಮಿನ ಪೆಟ್ಟು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ತಡವಾಗಿ ಕೇಳುತ್ತದೆ. ಅದನ್ನು ನಂಬಿ ನುಡಿಸಿದರೆ ಇಡೀ ಹಾಡು ಎಳೆದ ಹಾಗಾಗುತ್ತದೆ. ಅದಕ್ಕೇ ಕಿವಿಯಲ್ಲಿ ಇಯರ್‌ಫೋನು, ಅದರಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್. ಇನ್ನೂ ಒಂದಿದೆ. ಆರ್ಕೆಸ್ಟ್ರಾದವರು, ಮುಂದೆ ನಿಂತು ಕೈಯಾಡಿಸಿ ಮೇಳ ನಡೆಸುವ ಕಂಡಕ್ಟರ್ ಕೈ ಇಳಿಸಿದ ಮೇಲೆ ಒಂದು ಕ್ಷಣ ಬಿಟ್ಟು ಸ್ವರ ಎತ್ತುತ್ತಾರೆ, ಅದು ಅವರ ರೂಢಿ. ಬ್ಯಾಂಡಿನವರು ತಾಳ ಬಿದ್ದ ಕ್ಷಣಕ್ಕೇ ಸರಿಯಾಗಿ ಬಾರಿಸುತ್ತಾರೆ. ಇವರಿಬ್ಬರ ನಡುವೆ ನಿಂತ ಕಂಡಕ್ಟರ್ ಕೆಲಸ ನನಗಂತೂ ಬೇಡ.

ಇಷ್ಟೆಲ್ಲ ಪಾಡುಪಟ್ಟರೂ ಸುಮಾರು ಹಾಡುಗಳಿಗೆ ಆರ್ಕೆಸ್ಟ್ರಾ ಬೇಕೇ ಇರಲಿಲ್ಲ. ನಿಜ ಹೇಳಬೇಕಲ್ವಾ? ಊಟ ಮುಗಿದ ಮೇಲೆ ಎಲೆಗೆ ಉಪ್ಪಿನಕಾಯಿ ಬಡಿಸಿದ ಹಾಗೆ, ಹಾಡಿನ ಕೆಲಸವೆಲ್ಲ ಬ್ಯಾಂಡೇ ಮಾಡಿ ಮುಗಿಸಿರುತ್ತದೆ. ಪಿಟೀಲಿನವರು ಸುಮ್ನೆ ಉದ್ದನೆಯ ಸ್ವರ ಎಳೆಯುತ್ತಾ ಕೂರುತ್ತಾರೆ. ಅದನ್ನು ಒಂದು ಕೀಬೋರ್ಡೂ ಮಾಡೀತು. ಕೈಯಲ್ಲಿ ಅಷ್ಟು ಜನ ಇದ್ದಾರೆ ಅಂತ ಎಲ್ಲರಿಗೂ ಏನಾದರೂ ಬರೆದುಕೊಡುವುದು ಹಾಡನ್ನು ವಾದ್ಯಗಳಿಗೆ ಹೊಂದಿಸಿ ಬರೆಯುವವರ ಚಟ ಇರಬೇಕು.

ಇಂಗ್ಲಿಷ್ ಹಾಡುಗಾರ ಜಾನ್ ಮೈಲ್ಸ್ ಪಿಯಾನೋ ಮುಂದೆ ಕೂತಾಗ ಮಾತ್ರ ಲೆಕ್ಕ ಬದಲಾಯಿತು. ಅವರು ಆಗ ಇನ್ನೂ ಇದ್ದರು. ತೀರಿಕೊಂಡಿದ್ದು 2021ರ ಡಿಸೆಂಬರಿನಲ್ಲಿ. ಅವರ 'ಮ್ಯೂಸಿಕ್' ಈ ಉತ್ಸವದ ನಾಡಗೀತೆ ಇದ್ದ ಹಾಗೆ, ಹೆಚ್ಚುಕಡಿಮೆ ವರ್ಷ ವರ್ಷವೂ ಬಂದು ಹಾಡುತ್ತಿದ್ದರು. ಅದು 1976ರ ಹಾಡು. ಆಗಿನ ರೆಕಾರ್ಡಿನಲ್ಲೇ ಆರ್ಕೆಸ್ಟ್ರಾ ಇದೆ. ಗುಟ್ಟು ಅಲ್ಲೇ ಇರುವುದು. ಪಿಯಾನೋ ಮತ್ತು ದನಿ ಎರಡೇ ಇರುವ ಶುರು, ನಡುವೆ ಓಡಿಬರುವ ವಾದ್ಯಗಳು, ಮತ್ತೆ ತಗ್ಗುವುದು. ಪಿಟೀಲಿನವರು ಬ್ಯಾಂಡಿನ ಹಿಂದೆ ಅಡಗಿಕೊಳ್ಳಲಿಲ್ಲ, ಅವರ ಪಾಳಿಗಾಗಿ ಬ್ಯಾಂಡೇ ಕಾಯಿತು. ಸಹೋದ್ಯೋಗಿಯೂ ಆಗ ಮಾತಾಡಲಿಲ್ಲ.

ಕೊನೆಯ ಕಡೆ ಇಂಗ್ಲೆಂಡಿನ ಸಂಗೀತ ರಚನಕಾರ ಎಲ್ಗಾರ್ ಅವರ ಮೆರವಣಿಗೆಯ ತುಣುಕು ಬಂತು. ಇಂಗ್ಲೆಂಡನ್ನು ಹೊಗಳುವ ಹಾಡದು. ಡಚ್ ಮಾತಾಡುವ ಜನ ತೋಳು ತೋಳು ಸೇರಿಸಿಕೊಂಡು ಗಂಟಲು ಬಿಟ್ಟು ಹಾಡುತ್ತಿದ್ದರು. ಯಾಕೆ ಅಂತ ಸಹೋದ್ಯೋಗಿಯನ್ನು ಕೇಳಿದೆ. "ಪದ ಯಾರಿಗೆ ಬೇಕು, ರಾಗ ದೊಡ್ಡದಾಗಿದೆಯಲ್ಲ" ಅಂದರು.

ಹೋಗುವವರಿಗೆ ಒಂದು ಮಾತು. ನೇರ ಎದುರಿನ ಸೀಟಿಗೆ ಜಾಸ್ತಿ ದುಡ್ಡು ಕೊಡಬೇಡಿ. ವೇದಿಕೆಯ ಬದಿಯಲ್ಲಿ, ಸ್ವಲ್ಪ ಮೇಲೆ ಕೂತುಕೊಳ್ಳಿ. ಅಲ್ಲಿ ಕಂಡಕ್ಟರ್ ಮುಖ ಕಾಣುತ್ತದೆ, ಡ್ರಮ್ಮರ್ ಅವರನ್ನು ನೋಡುತ್ತಾನೋ ಇಲ್ಲವೋ ಅನ್ನುವುದೂ ಕಾಣುತ್ತದೆ. ನಾನು ನೋಡಿದ ರಾತ್ರಿ, ಅವನು ಹೆಚ್ಚು ಹೊತ್ತು ನೋಡಲಿಲ್ಲ.